ಹಲಗೆಯ ಕೆಳಗಿನ ಈಳಗಿ

ನಾನು ಸವದತ್ತಿಯ ಹಿನ್ನೀರಿನ ದಂಡೆಯಲ್ಲಿ ನೀರಾಟದ ಮಾಸ್ತರಿಕೆ ಮಾಡಿ ನಿವೃತ್ತನಾದವನು ಎಂದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮುಳುಗೋ ಮಂದೀನ ಎಷ್ಟ ಜನಾನ ಎತ್ತೀರಿ ಮಾಸ್ತರ್ರ?" ಒಬ್ಬರನ್ನೂ ಎತ್ತಿಲ್ಲ. ತೇಲುವ ಜಾಕೆಟ್ ಬಿಗಿದುಕೊಂಡವನು ತಾನೇ ಹಟ ಹಿಡಿದರೂ ಮುಳುಗಲಾರ. ನಾನು ಇಷ್ಟು ವರ್ಷ ಕಾದದ್ದು ಕಾಲುಗಳನ್ನು. ಹಿಮ್ಮಡಿ, ಮೀನಖಂಡ, ಮೊಣಕಾಲು, ಕೆಲವೊಮ್ಮೆ ಅದಕ್ಕೂ ಮೇಲಿನ ಹೇಳಬಾರದ ಜಾಗ. ಇದನ್ನು ಕೇಳಿದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಮಾರ್ಕೆಟ್ಟಿನ ಅಡತಿ ಅಂಗಡಿಯವನೊಬ್ಬ, "ಕಾಲ ಕಾಯಾಕ ಪಗಾರ ಕೊಡತಾರೇನ್ರಿ? ಹಂಗಾರ ನಾನೂ ಬರತಿದ್ನೆಲ್ಲ" ಎಂದುಬಿಟ್ಟ. ಅವನಿಗೆ ಕಾಲಿನ ಬೆಲೆ ಏನು ಗೊತ್ತು, ದಿನವೆಲ್ಲ ಗಾದಿಯ ಮೇಲೆ ಕೂತಿರುತ್ತಾನೆ.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಸರ್, ಅನುಭವ ಹೇಳ್ರಿ" ಎನ್ನುತ್ತಾರೆ. ಹೇಳುತ್ತೇನೆ. ಯಾರು ನನಗೆ ಶಾಲು ಹೊದಿಸಿದರು, ಯಾವಾಗ ಬಡ್ತಿ ಬಂತು ಎಂಬುದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ನಾವು ಕಲಿಸುತ್ತಿದ್ದದ್ದು ವಿಂಡ್‌ಸರ್ಫಿಂಗ್. ಒಂದು ಉದ್ದನೆಯ ಹಲಗೆ, ಅದರ ಮೇಲೆ ಒಂದು ಹಾಯಿ. ಹಾಯಿಯನ್ನು ಎರಡು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ನಿಂತರೆ ಗಾಳಿ ಎಳೆದುಕೊಂಡು ಹೋಗುತ್ತದೆ. ಸವದತ್ತಿಯ ಗುಡ್ಡದಿಂದ ಇಳಿದು ಬರುವ ಗಾಳಿಗೆ ಏನು ಕೊರತೆ, ಲುಂಗಿ ಉಟ್ಟವರು ದಂಡೆಗೆ ಬರಲು ಹೆದರುತ್ತಿದ್ದರು. ಊರಿನವರು ಇದಕ್ಕೆ 'ಗಾಳಿ ಹಲಗಿ' ಎಂದು ಹೆಸರಿಟ್ಟರು. ಈ ಹಲಗೆಯ ಹಿಂಭಾಗದಲ್ಲಿ, ಹೊಟ್ಟೆಯ ಕೆಳಗೆ, ನೀರಿನೊಳಗೆ ಇಳಿಬಿದ್ದ ಒಂದು ಗಟ್ಟಿ ಅಲಗು ಇರುತ್ತದೆ. ಹಲಗೆ ಅಡ್ಡಾದಿಡ್ಡಿ ಜಾರದೆ ನೆಟ್ಟಗೆ ಓಡಬೇಕಾದರೆ ಅದು ಬೇಕೇ ಬೇಕು. ಅದರ ಹೆಸರು ಫಿನ್. ನೀರಿನಲ್ಲಿ ಇರುವಾಗ ಯಾರಿಗೂ ಕಾಣುವುದಿಲ್ಲ, ಕಾಲಿಗೆ ತಾಗಿದಾಗ ಮಾತ್ರ ಇದೆ ಎಂದು ಗೊತ್ತಾಗುತ್ತದೆ.

ಎಷ್ಟೋ ಕಾಲುಗಳನ್ನು ಕಾದೆ ಎಂದೆನಲ್ಲ, ಅವುಗಳಲ್ಲಿ ನನ್ನ ನಿದ್ದೆಗೆಡಿಸಿದ್ದು ಒಂದೇ ಜೊತೆ ಕಾಲು. ಅವು ಸುರೇಬಾನದ ನೀಲವ್ವನವು.

ನೀಲವ್ವನನ್ನು ಅವಳ ಆಯಿ ಚಂದ್ರವ್ವ ಕೈ ಹಿಡಿದುಕೊಂಡು ನಮ್ಮ ಶಿಬಿರಕ್ಕೆ ಕರೆತಂದಳು. ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಸಂತೆಯ ಎಳೆಗರುವಿನಂತೆ ಹಿಡಿದಿದ್ದಳು. ಹುಡುಗಿಗೆ ಈಜು ಬರುತ್ತದೆಯೇ ಎಂದು ನಾನು ಕೇಳಬೇಕಿತ್ತು. ಅಷ್ಟರಲ್ಲಿ ಆಯಿಯೇ ನನ್ನನ್ನು ಕೇಳಿದಳು.

"ಮಾಸ್ತರ್ರ, ಈ ಆಟದಾಗ ರಕ್ತ ಬರತೈತೇನ್ರಿ?"

"ಎಲ್ಲೀ ರಕ್ತ ಆಯಿ, ಬರೇ ನೀರು" ಎಂದೆ.

"ಮತ್ತ ಅಲ್ಲೊಬ್ಬ ಕುಂಟಕೋತ ಹೊಂಟಾನಲ್ಲ, ಅಂವ ಹುಟ್ಟ ಕುಂಟನೇನು?"

ತಿರುಗಿ ನೋಡಿದರೆ ಹಿಂದಿನ ದಿನ ಹಿಮ್ಮಡಿ ಕೊಯ್ದುಕೊಂಡವನೊಬ್ಬ ಬಿಳಿ ಪಟ್ಟಿ ಕಟ್ಟಿಕೊಂಡು, ಸರಿಯಾಗಿ ಅದೇ ಗಳಿಗೆಗೆ, ನನ್ನ ಮಾನ ಕಳೆಯಲೆಂದೇ ಹೋಗುತ್ತಿದ್ದ. ಆಯಿ ಕಲ್ಲಿನ ಮೇಲೆ ಕೂತಳು.

"ನೋಡ್ರಿ, ನಮ್ಮ ಮನ್ಯಾಗ ಇಷ್ಟ ಮಂದಿ ಹುಟ್ಟಿ ಬೆಳದಾರ. ಕಬ್ಬ ಕಡದಾರ, ಗಿಡಾ ಹತ್ಯಾರ, ಎತ್ತಿನ ಕೂಡ ಗುದ್ಯಾಡ್ಯಾರ. ಒಬ್ಬರ ಮೈಗೂ ಇವತ್ತಿನ ತನಾ ಹೊಲಿಗಿ ಬಿದ್ದಿಲ್ಲ. ಹೊಲಿಗಿ ಅಂದ್ರ ನಮ್ಮ ಮನ್ಯಾಗ ಕೌದಿಗಷ್ಟ. ಈ ಹುಡುಗಿ ಕಾಲಿಗೆ ಒಂದ ಟಾಕಿ ಬಿದ್ದರೂ ಅವತ್ತ ರಾಮದುರ್ಗದ ಬಸ್ ಹತ್ತಿಸಿ ಕರಕೊಂಡ ಹೊಕ್ಕೀನಿ. ಗಾಳಿನೂ ಬ್ಯಾಡ, ಹಲಗಿನೂ ಬ್ಯಾಡ."

ಹಾಗೆಂದು ಹೇಳಿ ಹೋದಳು. ನೀಲವ್ವ ಹಲಗೆ ಹತ್ತಿದ ಮೊದಲ ವಾರದಲ್ಲೇ ನನಗೆ ಸಂಕಟ ಶುರುವಾಯಿತು. ಯಾಕೆಂದರೆ ಹುಡುಗಿ ಛಲೋ ಇದ್ದಳು. ಅಂಥವಳು ಮತ್ತೆ ನನ್ನ ಕೈಗೆ ಸಿಕ್ಕಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತದೆಂದು ಉಳಿದವರಿಗೆ ಬಾವುಟ ತೋರಿಸಿ ಹೇಳಬೇಕು, ಇವಳು ಕಿವಿಯಲ್ಲೇ ತಿಳಿಯುತ್ತಿದ್ದಳು. ಹಂಗಾಮಿನ ಕೊನೆಗೆ ನಮ್ಮಲ್ಲೇ ಒಂದು ಸ್ಪರ್ಧೆ, ಅದರಲ್ಲಿ ಮೊದಲು ಬಂದವರು ಕರಾವಳಿಯ ದೊಡ್ಡ ಸ್ಪರ್ಧೆಗೆ. "ಸಮುದ್ರ ನೋಡೇ ಇಲ್ರಿ ಸರ್" ಎಂದಳು ಒಮ್ಮೆ. "ನೋಡೂದಷ್ಟ ಅಲ್ಲ, ಅದರ ಮ್ಯಾಲ ಓಡಬೇಕ್ರಿ." ಅವಳು ಸಮುದ್ರಕ್ಕೆ ಹೋಗಬೇಕಾದರೆ ಅಲ್ಲಿಯ ತನಕ ಕಾಲಿಗೆ ಒಂದು ಗೀರೂ ಆಗಬಾರದು. ಫಿನ್ನಿನ ಮೇಲೆ ನನಗೆ ಹಗೆ ಹುಟ್ಟಿದ್ದು ಆವಾಗ.

ಹಗೆ ಹಳೆಯದೇ, ಆ ವರ್ಷ ಹೊಸದಾಯಿತು ಎನ್ನಬೇಕು. ಹಿಂದೆ ಕಿತ್ತೂರಿನಿಂದ ಮಲ್ಲೇಶಿ ಎಂಬ ಪೈಲ್ವಾನ ಬಂದಿದ್ದ. ಗರಡಿಯ ಆಳು, ತೊಡೆ ತಟ್ಟಿಯೇ ನೀರಿಗಿಳಿದ. ನಮ್ಮ ಕಡೆ ಬಾಯಲ್ಲಿ ಫಕಾರ ನಿಲ್ಲುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನಾನೂ ಈ ಮಣ್ಣಿನವನೇ. "ತಮ್ಮಾ, ಹಿಂದ ಪಿನ್ ಐತಿ, ಜ್ವಾಕಿ!" ಎಂದು ದಂಡೆಯಿಂದ ಕೂಗಿದೆ. ಅವನು ಹಲಗೆಯ ಮೇಲೆಲ್ಲ ಕೈಯಾಡಿಸಿ ನೋಡಿದ, ತನ್ನ ಚಡ್ಡಿಯನ್ನೂ ತಡವಿ ನೋಡಿದ. "ಇಲ್ರೀ ಸರ್, ಪಿನ್ ಗಿನ್ ಏನೂ ಇಲ್ಲ, ಚಡ್ಡಿಗೆ ಲಾಡಿ ಕಟ್ಟೀನಿ!" ಎಂದ. ಕೂಡಲೇ ಬಿದ್ದ, ನೀರಿನೊಳಗೆ ಎರಡೂ ಕಾಲು ಜಾಡಿಸಿ ಒದ್ದ.

ನಮ್ಮ ಶಿಬಿರದ ನರ್ಸ್ ರಾಮದುರ್ಗದ ರಜಿಯಾ ಸಿಸ್ಟರ್. ಸಣ್ಣಪುಟ್ಟ ಹೊಲಿಗೆ ಹಾಕುವುದರಲ್ಲಿ ಅವಳ ಕೈ ಪಳಗಿತ್ತು, ನಾಲಿಗೆ ಅದಕ್ಕಿಂತ ಪಳಗಿತ್ತು. ಮಲ್ಲೇಶಿ ಟಾವೆಲ್ ಸುತ್ತಿಕೊಂಡು ಹೋದಾಗ ಅವಳು ಕೇಳಿದಳು, "ಏನಾತು?"

"ಪಿನ್ ಬಡೀತ್ರಿ."

"ಪೈಲ್ವಾನ ಅಂತೀ, ಪಿನ್ ಚುಚ್ಚಿದ್ದಕ್ಕ ಟಾವೆಲ್ ಸುತಗೊಂಡ ಬಂದೀಯಲ್ಲೋ" ಎಂದು ನಗುತ್ತಾ ಟಾವೆಲ್ ತೆಗೆದಳು. ಮೊಣಕಾಲ ಕೆಳಗೆ ಕರಿಗಡಬಿನ ಬಾಯಿ ತೆರೆದಂತೆ ತೆರೆದಿತ್ತು. ಅವಳ ನಗೆ ನಿಂತಿತು. ಗಾಯ ಹೊಲಿದು ಮುಗಿಸಿ ನನ್ನ ಹತ್ತಿರ ಬಂದು, "ಮಾಸ್ತರ್ರ, ಆ ಪಿನ್ ಅನ್ನೋದನ್ನ ನನಗೊಮ್ಮೆ ತೋರಸ್ರಿ" ಎಂದಳು. ತೋರಿಸಿದೆ. "ಯಾ ಅಲ್ಲಾ! ಇದಕ್ಕ ಪಿನ್ ಅಂದಾವರ ಕಾಲ ಮೊದಲ ಹೊಲೀಬೇಕು" ಎಂದು ಹೇಳಿ ಹೋದಳು.

ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ತಪ್ಪು ಕಾಲಿನದಲ್ಲ, ಶಬ್ದದ್ದು ಎಂದು ತಿಳಿಯಲು ಇನ್ನೊಬ್ಬರು ಬರಬೇಕಾಯಿತು. ಅವರು ನಮ್ಮ ಹೊಸ ನಿರ್ದೇಶಕರು, ಕಾಮತ್ ಸಾಹೇಬರು.

ಸಾಹೇಬರು ಕರಾವಳಿಯವರು. ನೀರಿನ ವಿದ್ಯೆಯಲ್ಲಿ ಪಕ್ಕಾ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹೊಸ ಫಿನ್ನಿನ ಹಿಂದಿನ ಅಂಚು ಬ್ಲೇಡಿನಷ್ಟು ಹರಿತ ಇರುತ್ತದೆ, ಬಡಿಗರ ಪಾಲಿಶ್ ಪೇಪರಿನಿಂದ ಅದನ್ನು ತುಸು ತಿಕ್ಕಿ ಮೊಂಡು ಮಾಡಿಯೇ ಹಲಗೆಗೆ ಹಚ್ಚಬೇಕು ಎಂದು ನನಗೆ ಕಲಿಸಿದವರು ಅವರೇ. ಬರಿಗಾಲಿನಲ್ಲಿ ಯಾರನ್ನೂ ನೀರಿಗೆ ಬಿಡಬೇಡಿ, ಬೂಟು ಹಾಕಿಸಿ ಎಂದವರೂ ಅವರೇ. ಈ ಎರಡನ್ನು ನೀವೂ ಬಿಡಬೇಡಿ. ಅವರಿಗೆ ಇದ್ದ ರೋಗ ಒಂದೇ, ಎಲ್ಲದಕ್ಕೂ ಸರಿಯಾದ ಶಬ್ದ ಬೇಕು. ನೀಲವ್ವ ಬಂದ ಹಂಗಾಮಿನಲ್ಲೇ ಅವರೂ ಬಂದರು, ಬಂದವರೇ ಫಿನ್ನಿಗೆ ಕನ್ನಡ ಹುಡುಕಿ ದಂಡೆಯಲ್ಲಿ ಒಂದು ದೊಡ್ಡ ಫಲಕ ನಿಲ್ಲಿಸಿದರು: 'ಇಲ್ಲಿ ಹರಿತವಾದ ಈಜುರೆಕ್ಕೆಗಳಿವೆ. ಎಚ್ಚರಿಕೆ.'

ಮರುದಿನದಿಂದ ಗಿರಾಕಿಗಳು ಬರತೊಡಗಿದರು. ಕೈಯಲ್ಲಿ ಚೀಲ.

"ಯಾ ಮೀನ ರೀ ಇವು? ಈಜುರೆಕ್ಕಿ ಹರಿತ ಇದ್ದದ್ದು ಭಾಳ ರುಚಿ ಅಂತಾರಲ್ಲ?"

"ಮೀನಿಲ್ಲಪಾ ಇಲ್ಲಿ."

"ಬೋರ್ಡ್ ಹಾಕೀರಿ, ಮ್ಯಾಲ ಇಲ್ಲ ಅಂತೀರಿ. ದೊಡ್ಡ ಸಾಹೇಬ್ರಿಗಷ್ಟ ಕೊಡತೀರೇನು?"

ಹೊರಗಿನ ಮಂದಿಯ ಕಥೆ ಹೀಗೆ. ಒಳಗಿನ ನಮ್ಮ ಶಿಷ್ಯರ ಕಥೆ ಬೇರೆ. ಅವರಿಗೆ ರೆಕ್ಕೆ ಎಂದರೆ ಮೇಲೆ ಪಟಪಟ ಬಡಿದುಕೊಳ್ಳುವ ಹಾಯಿ. ನಾನು "ರೆಕ್ಕಿ, ರೆಕ್ಕಿ!" ಎಂದು ಕೂಗಿದರೆ ಎಲ್ಲರೂ ತಲೆ ಎತ್ತಿ ಮೇಲೆ ನೋಡುತ್ತಿದ್ದರು, ಕಾಲು ಮಾತ್ರ ಸೀದಾ ಫಿನ್ನಿನ ಹತ್ತಿರ ಹೋಗುತ್ತಿತ್ತು. ಫಲಕ ನಿಂತ ಮೇಲೆ ಗಾಯ ಕಡಿಮೆಯಾಗುವ ಬದಲು ಹೆಚ್ಚಾದವು. ನೀಲವ್ವನ ಹಲಗೆಯೂ ಒಮ್ಮೆ ಅವಳ ಮೀನಖಂಡದ ಪಕ್ಕದಲ್ಲೇ ಸರ್‍ರನೆ ಸರಿದು ಹೋಯಿತು. ದಂಡೆಗೆ ಬಂದು ಅವಳು ಪ್ಯಾಂಟು ತೋರಿಸಿದಳು, ಬಟ್ಟೆ ನೆಟ್ಟಗೆ ಸೀಳಿತ್ತು, ಚರ್ಮಕ್ಕೆ ಏನೂ ಆಗಿರಲಿಲ್ಲ. "ಆಯಿಗೆ ಹೇಳಬ್ಯಾಡ್ರಿ ಸರ್" ಎಂದಳು. ಬಾಯಲ್ಲಿ ನಗುತ್ತಿದ್ದಳು, ಸೀಳಿದ ಕಡೆ ಕೈ ಅಡ್ಡ ಹಿಡಿದಿದ್ದಳು.

ಆ ರವಿವಾರ ಬೈಲಹೊಂಗಲದ ಮನೆಯಲ್ಲಿದ್ದೆ. ಹೆಂಡತಿ ಸುಮಿತ್ರಾ ಅಡುಗೆಮನೆಯ ನೆಲದ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ನಾನು ಅದೇ ಫಿನ್ನಿನ ಧ್ಯಾನದಲ್ಲಿ ನೀರು ಕುಡಿಯಲು ಒಳಗೆ ನಡೆದೆ.

"ಅಯ್ಯ ನಿಮ್ಮ! ಈಳಗಿ ದಾಟತೀರೇನ್ರೀ! ಕಣ್ಣ ಎಲ್ಲಿ ಇಟ್ಟೀರಿ?"

ಒಂದು ಕಾಲು ಎತ್ತಿದವನು ಹಾಗೇ ಕೊಕ್ಕರೆಯಂತೆ ನಿಂತೆ. ಕೆಳಗೆ ನೋಡಿದೆ. ಒಂದು ಹಲಗೆ. ಅದರ ತುದಿಯಲ್ಲಿ ಬಾಗಿ ನಿಂತ ಒಂದು ಅಲಗು. ದೇವರಾಣೆ, ಬೋರಲು ಹಾಕಿದ ಗಾಳಿ ಹಲಗೆಯೇ ನಮ್ಮ ಅಡುಗೆಮನೆಯಲ್ಲಿ ಕೂತಿತ್ತು. ಅದರ ಮೇಲೆ ಸುಮಿತ್ರಾ ಕೂತಿದ್ದಳು.

"ಏನ್ ನೋಡತೀರಿ ಹಂಗ?"

"ಇದಕ್ಕ ಏನಂತಾರ?"

"ತಲಿ ಕೆಟ್ಟೈತೇನ್ರಿ? ಈಳಗಿ ಅಂತಾರ."

"ಇನ್ನೊಮ್ಮೆ ಅನ್ನು."

"ಮೊದಲ ಕಾಲ ಇಳಸ್ರಿ."

ನಾನು ನಗುತ್ತಾ ಅಲ್ಲೇ ಕುಸಿದೆ. ಮೈಸೂರು ಕಡೆ ಈಳಿಗೆಮಣೆ ಎನ್ನುತ್ತಾರಲ್ಲ, ಅದೇ. ನಮ್ಮ ಸುತ್ತಿನ ನಾಲ್ಕು ತಾಲೂಕುಗಳಲ್ಲಿ ಬೆಳೆದ ಯಾವ ಹುಡುಗನಿಗೆ, ಯಾವ ಹುಡುಗಿಗೆ ಈಳಗಿಯ ವಿಷಯದಲ್ಲಿ ಬೈಗುಳ ಬಿದ್ದಿಲ್ಲ? ನಡೆಯಲು ಕಲಿಯುವ ಮೊದಲೇ ಅದನ್ನು ದಾಟಬಾರದೆಂದು ಕಲಿತವರು ನಾವು. ಹೊಸದಾಗಿ ಹೆದರಿಸುವ ಕೆಲಸವೇ ಇಲ್ಲ, ಹೆದರಿಕೆ ಆಗಲೇ ಮೈಯಲ್ಲಿ ಕೂತಿದೆ. ಅದನ್ನು ಕರೆಯುವ ಹೆಸರಷ್ಟೇ ಬೇಕಿತ್ತು.

ಸೋಮವಾರ ಸುಮಿತ್ರಾಳ ಈಳಗಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಸವದತ್ತಿ ಬಸ್ಸು ಹತ್ತಿದೆ. ಅಲಗಿನ ತುದಿ ಚೀಲದಿಂದ ಹೊರಗೆ ಇಣುಕಿತ್ತು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನನ್ನ ಮುಖ ನೋಡಿದ.

"ಏನ್ರಿ ಇದು?"

"ಈಳಗಿ. ಸಾಲ್ಯಾಗ ಕಲಸಾಕ ಒಯ್ಯಾಕ ಹತ್ತೀನಿ."

"ನೀವು ನೀರಾಗ ಹಲಗಿ ಓಡಸೂದ ಕಲಸೂ ಮಾಸ್ತರ್ ಅಲ್ಲೇನ್ರಿ?"

"ಹೌದು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಅಲ್ಲಿ ಪಲ್ಲೇನೂ ನೀವ ಹೆಚ್ಚಬೇಕೇನ್ರಿ?" ಎಂದು ಮರುಗಿದ ದನಿಯಲ್ಲಿ ಕೇಳಿ, ಕಿಟಕಿ ಪಕ್ಕದ ಸೀಟು ಬಿಡಿಸಿ ಕೊಟ್ಟ.

ದಂಡೆಯಲ್ಲಿ ಒಂದು ಹಲಗೆಯನ್ನು ಬೋರಲು ಹಾಕಿ ಅದರ ಪಕ್ಕದಲ್ಲಿ ಈಳಗಿ ಇಟ್ಟೆ. ಎಲ್ಲರೂ ಸುತ್ತ ಕೂತರು. ಹಲಗೆಯನ್ನೊಮ್ಮೆ, ಈಳಗಿಯನ್ನೊಮ್ಮೆ ನೋಡಿದರು. ಆಮೇಲೆ ನೀಲವ್ವ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯ ಶಿವನ! ನಾವು ಇಷ್ಟ ದಿನಾ ಈಳಗಿ ಮ್ಯಾಲ ನಿಂತೀವೇನ್ರಿ?" ಎಂದಳು. ಕೂಡಲೇ ಎಲ್ಲರೂ ತಮ್ಮ ತಮ್ಮ ಕಾಲು ಮಡಚಿಕೊಂಡರು. ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಆಗದ ಕೆಲಸ ಅದು.

"ಈಳಗಿ ಕೆಲಸ ಮುಗದ ಮ್ಯಾಲ ಏನ ಮಾಡತೀರಿ?" ಎಂದು ಕೇಳಿದೆ.

"ಮಲಗಸ್ತೀವ್ರಿ. ನಿಂದರಿಸಿ ಬಿಟ್ಟರ ಅವ್ವ ಬೈತಾಳ."

"ಹಂಗಾರ ದಂಡಿ ಮ್ಯಾಲ ಹಲಗಿ ಬೋರಲ ಹಾಕಿ ಯಾಕ ಹೊಕ್ಕೀರಿ? ಈಳಗಿ ಕೈಯಾಗಿಂದ ಕೈಯಾಗ ಕೊಡತೀರೇನು?"

"ಇಲ್ರಿ, ತೆಳಗ ಇಡಬೇಕ್ರಿ. ಅವರು ತಗೋಬೇಕು."

"ಹೆಚ್ಚೂವಾಗ ಬಾಜೂಕ ಯಾರರ ಓಡಿ ಬಂದ್ರ?"

"ಬೆನ್ನಿಗೆ ಗುದ್ದ ಬೀಳತಾವ್ರಿ!"

ಪಾಠ ಮುಗಿಯಿತು. ನಾನು ಹೇಳಬೇಕಾಗಿದ್ದದ್ದು ನೀರಿನ ಮಾತಷ್ಟೇ. ಬೀಳುವಾಗ ನಿಂತಂತೆ ಬೀಳಬೇಡ, ಬೆನ್ನ ಮೇಲೆ ಚಪ್ಪಟೆಯಾಗಿ ಬೀಳು, ಕಾಲು ಎದೆಗೆ ಮಡಚು, ಒದೆಯಬೇಡ. ಮೇಲೆ ಏಳುವಾಗ ತಲೆಯ ಮೇಲೆ ಕೈ ಇಟ್ಟುಕೊಂಡು ಏಳು, ಹಲಗೆ ಎಲ್ಲಿದೆಯೋ ಯಾರಿಗೆ ಗೊತ್ತು. ಮತ್ತೆ ಹತ್ತುವಾಗ ಪಕ್ಕದಿಂದ ಹತ್ತು, ಬಾಲದ ಕಡೆಯಿಂದ ಅಲ್ಲ. ದಂಡೆಗೆ ಬರುವಾಗ ನೀರು ತೊಡೆ ಮಟ್ಟ ಇರುವಾಗಲೇ ಇಳಿ, ಹಲಗೆಯನ್ನು ಅಂಗಾತವೇ ಇಟ್ಟು ಮುಂದಿನಿಂದ ಎಳೆದುಕೊಂಡು ಬಾ. ಹಲಗೆಯನ್ನು ಮಗ್ಗುಲಾಗಿ ಎತ್ತಿದೆಯೋ, ಈಳಗಿ ಎದ್ದು ನಿಲ್ಲುತ್ತದೆ. ದಂಡೆಗೆ ಬಂದ ಮೇಲೆ ಅಲಗಿಗೆ ಮುಸುಕು ಹಾಕು. ಮುಸುಕಿಗೆ ದೊಡವಾಡದ ಒಬ್ಬ ರೈತರು ಹೊಲಕ್ಕೆ ನೀರು ಹಾಯಿಸುವ ಹಳೆಯ ರಬ್ಬರ್ ಪೈಪು ಕೊಟ್ಟಿದ್ದರು, ಅದನ್ನು ತುಂಡು ಮಾಡಿ ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದೆವು. ಇಷ್ಟೇ ವಿದ್ಯೆ. "ಈಳಗಿ ಎದ್ದೈತಿ!" ಎಂದು ಒಬ್ಬರು ಕೂಗಿದರೆ ದಂಡೆಯಲ್ಲಿ ಇದ್ದವರೆಲ್ಲ ಇದ್ದಲ್ಲೇ ಕಲ್ಲಾಗುತ್ತಿದ್ದರು. ರಜಿಯಾ ಸಿಸ್ಟರಿಗೆ ಕೆಲಸವಿಲ್ಲದೆ ಅವಳು ಶೇಂಗಾ ಸುಲಿಯುತ್ತಾ ಕೂತಳು.

ಇದು ಕಾಮತ್ ಸಾಹೇಬರ ಕಿವಿಗೆ ಬಿತ್ತು.

"ಎಂತ ಮಾಸ್ಟ್ರೇ ಇದು, ಈಳಗಿ? ಇದು ಕ್ರೀಡೆ ಮಾರಾಯ್ರೆ, ಅಡುಗೆಕೋಣೆ ಅಲ್ಲ. ನಾಳೆ ಇವರು ಕರಾವಳಿಗೆ ಹೋಗಿ ಈಳಗಿ ಎದ್ದಿದೆ ಅಂತ ಬೊಬ್ಬೆ ಹಾಕಿದ್ರೆ ನನ್ನ ಮರ್ಯಾದೆ ಏನಾಗಬೇಕು? ಫಿನ್ ಅಂತ ಹೇಳಿಸಿ. ಪಿನ್ ಅಲ್ಲ, ಫಿನ್."

ಮೇಲಿನವರ ಮಾತು. ಹೇಳಿಸಿದೆ. ಸಾಹೇಬರೇ ಖುದ್ದಾಗಿ ಪಾಠಕ್ಕೆ ನಿಂತರು. "ಕೆಳತುಟಿ ಹಲ್ಲಿನ ಕೆಳಗೆ ಇಡಿ. ಈಗ ಗಾಳಿ ಬಿಡಿ." ನಮ್ಮ ಹುಡುಗರು ತುಟಿ ಕಚ್ಚಿ, ಗಾಳಿ ಕೂಡಿಸಿ, ಶಬ್ದ ಹೊರಡಿಸುವಷ್ಟರಲ್ಲಿ ಹಲಗೆ ಬಂದು ಕಾಲಿಗೆ ಬಡಿದು ವಾಪಸ್ಸು ಹೋಗಿರುತ್ತದೆ. ಆದರೂ ಒಂದು ವಾರ ಇಡೀ ದಂಡೆ ಉಸ್ ಉಸ್ ಎಂದಿತು. ಹೊರಗಿನಿಂದ ನೋಡಿದವರು ಪ್ರಾಣಾಯಾಮ ಎಂದುಕೊಂಡು ಮೆಚ್ಚಿದರು.

ಅಷ್ಟರಲ್ಲಿ ಶಿಬಿರದ ಫೋಟೋ ತೆಗೆಯುವ ದಿನ ಬಂತು. ಸಾಹೇಬರಿಗೆ ಫೋಟೋದ ಹುಚ್ಚು. ಹಲಗೆಗಳನ್ನೆಲ್ಲ ಸಾಲಾಗಿ ಬೋರಲು ಹಾಕಿಸಿದರು, ಫಿನ್ನುಗಳು ಸೈನಿಕರಂತೆ ಕಾಣಬೇಕಂತೆ. ಪೈಪಿನ ಮುಸುಕು ತೆಗೆಸಿದರು, "ಹೊಲದ ಹಾಗೆ ಕಾಣುತ್ತದೆ" ಎಂದರು. ನಾನು ಬೇಡವೆಂದೆ, ಕೇಳಲಿಲ್ಲ. ತಾವೇ ಕ್ಯಾಮೆರಾ ಹಿಡಿದು ನಮ್ಮನ್ನು ನಿಲ್ಲಿಸಿ, ಎಲ್ಲರೂ ಚೌಕಟ್ಟಿನೊಳಗೆ ಬರಲೆಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗಿದರು. ಹಿಂದೆ ಅದೇ ಸಾಲು.

ಮೊದಲು ನೋಡಿದವಳು ನೀಲವ್ವ. ಬಾಯಿ ತೆರೆದಳು. 'ಈ' ಎಂಬಷ್ಟು ಹೊರಬಿತ್ತು. ಕೂಡಲೇ ಸಾಹೇಬರ ಆಜ್ಞೆ ನೆನಪಾಗಿ ಬಾಯಿ ಮುಚ್ಚಿ, ತುಟಿ ಕಚ್ಚಿ, ಗಾಳಿ ಕೂಡಿಸಿ, "ಸರ್, ಫ್... ಫ್... ಫಿನ್!" ಎಂದಳು.

ಸಾಹೇಬರ ಮುಖ ಅರಳಿತು. "ಶಹಬ್ಬಾಸ್! ಕೇಳಿದಿರಾ ಮಾಸ್ಟ್ರೇ? ಎಷ್ಟು ಚಂದ ಹೇಳಿದಳು!" ಎಂದು ಸಂತೋಷದಿಂದ ಇನ್ನೊಂದು ಹೆಜ್ಜೆ ಹಿಂದಿಟ್ಟು, ಹಲಗೆಗೆ ಎಡವಿ, ಪೂರಾ ಕೂತರು.

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಬರೀ ಆಕಾಶ ಬಂದಿದೆ.

ಒಳಗಿನಿಂದ ರಜಿಯಾ ಸಿಸ್ಟರಿನ ದನಿ ಹೊರಗೆ ಕೂತ ನಮಗೆಲ್ಲ ಕೇಳುತ್ತಿತ್ತು. "ಸಾಹೇಬ್ರ, ನಾಚಿಕಿ ಮಾಡಿದ್ರ ಹೆಂಗ ಹೊಲೀಲ್ರಿ? ಬೋರಲ ಮಲಕೋರಿ. ಹಾಂ, ನಿಮ್ಮ ಹಲಗಿ ಮಲಗಿಸಿದ್ರಲ್ಲ, ಹಂಗ." ಸಾಹೇಬರು ಒಂದು ವಾರ ಎಲ್ಲ ಸಭೆಗಳನ್ನೂ ನಿಂತೇ ನಡೆಸಿದರು. ಅದರಿಂದ ಸಭೆಗಳು ಬೇಗ ಮುಗಿದವು. ಆದರೆ ಆ ಮನುಷ್ಯನಲ್ಲಿ ಸಣ್ಣತನ ಇರಲಿಲ್ಲ, ಅದನ್ನೂ ಹೇಳಬೇಕು. ಮೊದಲ ಸಭೆಯಲ್ಲೇ ಗೋಡೆಗೆ ಆನಿಕೊಂಡು, "ಮಾಸ್ಟ್ರೇ, ಅದಕ್ಕೆ ನೀವು ಎಂತ ಹೇಳ್ತಿದ್ರಿ?" ಎಂದು ಕೇಳಿದರು.

"ಈಳಗಿ, ಸರ್."

"ಅದನ್ನೇ ಹೇಳಿಸಿ. ಬೇಗ ಬಾಯಿಗೆ ಬರ್ತದೆ" ಎಂದರು. ಫಲಕವನ್ನೂ ಕೀಳಿಸಿದರು. ಮೀನಿನ ಗಿರಾಕಿಗಳು ಇನ್ನೂ ಕೆಲವು ದಿನ ಬಂದು ನಿರಾಶರಾಗಿ ಹೋದರು.

ಸ್ಪರ್ಧೆಯ ದಿನ ಚಂದ್ರವ್ವ ಆಯಿ ರಾಮದುರ್ಗದಲ್ಲಿ ಬಸ್ಸು ಬದಲಿಸಿ ಮುಂಜಾನೆಯೇ ಬಂದಿಳಿದಳು. ಬಂದವಳೇ ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ಎರಡೂ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡು, ಪ್ಯಾಂಟು ಮೇಲೇರಿಸಿ, ಸಂತೆಯಲ್ಲಿ ಎತ್ತಿನ ಗೊರಸು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ನನ್ನ ಕಡೆ ನೋಡಿ, "ಅಡ್ಡಿ ಇಲ್ಲ" ಎಂದಳು. ಯಾವ ಮೇಲಧಿಕಾರಿಯೂ ನನಗೆ ಅಷ್ಟು ಹೆದರಿಕೆ ಹುಟ್ಟಿಸಿರಲಿಲ್ಲ, ಯಾರ ಮೆಚ್ಚುಗೆಯೂ ಅಷ್ಟು ಸುಖ ಕೊಟ್ಟಿರಲಿಲ್ಲ.

ಗಾಳಿ ಅಂದು ಜೋರಾಗಿತ್ತು. ಹಲಗೆಗಳು ಹೊರಟವು. ನೀಲವ್ವ ಮೊದಲ ತಿರುವಿಗೇ ಮುಂದಾದಳು. ಎರಡನೆಯ ತಿರುವಿನಲ್ಲಿ ಗಾಳಿ ಒಮ್ಮೆಲೇ ಗುದ್ದಿತು, ಹಾಯಿ ಮಲಗಿತು, ಹುಡುಗಿ ಕಾಣಲಿಲ್ಲ. ಆಯಿ ನನ್ನ ತೋಳು ಹಿಡಿದಳು. ಉಗುರು ಇಳಿಯಿತು.

"ಮಾಸ್ತರ್ರ, ಅಕಿ ಎಲ್ಲಿ?"

ಅಷ್ಟರಲ್ಲಿ ನೀರಿನಿಂದ ಮೊದಲು ಎರಡು ಕೈ ಮೇಲೆ ಬಂದವು, ಕೈಗಳ ಕೆಳಗೆ ತಲೆ. ಕಲಿಸಿದ ಹಾಗೇ ಬಿದ್ದಿದ್ದಳು, ಕಲಿಸಿದ ಹಾಗೇ ಎದ್ದಳು. ಪಕ್ಕದಿಂದ ಹಲಗೆ ಹತ್ತಿ ಹಾಯಿ ಎತ್ತಿದಳು. ಮುಂದೆ ಹೋಗಿದ್ದ ಬೈಲಹೊಂಗಲದ ಹುಡುಗ ತಿರುವಿನಲ್ಲಿ ಅಗಲ ತಿರುಗಿದ, ಇವಳು ಒಳಗಿನಿಂದ ನುಗ್ಗಿದಳು. ದಂಡೆಯ ಬಾವುಟ ದಾಟುವಾಗ ಹಿಂದೆ ಯಾರೂ ಹತ್ತಿರದಲ್ಲಿ ಇರಲಿಲ್ಲ. ನಾನು ಕುಣಿದೆ. ರಜಿಯಾ ಸಿಸ್ಟರ್ ಶೇಂಗಾ ಸಿಪ್ಪೆಯನ್ನು ಹೂವಿನಂತೆ ತೂರಿದಳು.

ಆ ಗದ್ದಲದಲ್ಲಿ ಪಕ್ಕದಲ್ಲಿ ಆಯಿ ಇಲ್ಲವೆಂದು ನಾನು ನೋಡಲಿಲ್ಲ.

ಆಯಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಓಡುತ್ತಿದ್ದಳು. "ನನ್ನ ಬಂಗಾರಾ! ನನ್ನ ಹುಲೀ!" ಎಂದು ಕೂಗುತ್ತಿದ್ದಳು. ನೀಲವ್ವ ಗೆದ್ದ ಉಮೇದಿನಲ್ಲಿ ತುಸು ಬೇಗ ಇಳಿದು ಹಲಗೆಯನ್ನು ಮಗ್ಗುಲಾಗಿ ಎತ್ತಿದ್ದಳು. ಆಯಿಯನ್ನು ನೋಡಿದ ಕೂಡಲೇ ಅವಳ ಮುಖ ಬದಲಾಯಿತು.

"ಆಯೀ, ನಿಂದರ! ಈಳಗಿ ಎದ್ದೈತಿ!"

ದಂಡೆಯಲ್ಲಿದ್ದ ನಾವೆಲ್ಲ ಕಲ್ಲಾದೆವು. ಆಯಿ ಮಾತ್ರ ಶಿಬಿರ ಕಲಿತವಳಲ್ಲವಲ್ಲ. "ಹೊಳ್ಯಾಗ ಎಲ್ಲೀ ಈಳಗಿ ಹುಡುಗೀ!" ಎಂದು ನಗುತ್ತಾ ಎರಡು ಕೈ ಚಾಚಿ ಇನ್ನೂ ನಾಲ್ಕು ಹೆಜ್ಜೆ ಓಡಿದಳು.

ಸೀದಾ ಅಲಗಿಗೇ ಕಾಲು ಕೊಟ್ಟಳು.

ಎತ್ತಿಕೊಂಡು ಬಂದು ರಜಿಯಾ ಸಿಸ್ಟರಿನ ಮಂಚದ ಮೇಲೆ ಕೂರಿಸಿದೆವು. ಗಾಯ ಆಳವಿರಲಿಲ್ಲ, ಉದ್ದವಿತ್ತು. ಸೂಜಿ ದಾರ ಹೊರಬಂದವು. ನೀಲವ್ವ ಗೋಡೆಗೆ ಆನಿಕೊಂಡು ಅಳುತ್ತಿದ್ದಳು. ಅವಳ ಕಾಲಿಗೆ ಒಂದು ಗೀರೂ ಆಗಿರಲಿಲ್ಲ, ಆದರೆ ಆ ಮನೆಗೆ ಹೊಲಿಗೆ ಬಿದ್ದಾಗಿತ್ತು. ಒಂದು ಹಂಗಾಮು ಪೂರ್ತಿ ಆ ಹುಡುಗಿಯ ಕಾಲು ಕಾದೆ, ಅವಳ ಆಯಿಯ ಕಾಲು ಕಾಯಬೇಕೆಂದು ಯಾರಿಗೆ ಹೊಳೆದೀತು?

"ನಡಿ ಆಯಿ, ಮನಿಗೆ ಹೋಗೂಣು" ಎಂದಳು ನೀಲವ್ವ. "ನಂದ ತಪ್ಪು. ನಾ ಹಲಗಿ ಎತ್ತಬಾರದಿತ್ತು."

ಆಯಿಯ ಕಣ್ಣು ಹೊರಗಿದ್ದ ಹಲಗೆಯ ಮೇಲಿತ್ತು. "ಅದನ್ನ ಇಲ್ಲಿ ತಗೊಂಡ ಬರ್ರಿ, ನೋಡೂಣು" ಎಂದು ನನಗೆ ಹೇಳಿದಳು. ಹಲಗೆ ತಂದು ಅವಳ ಮುಂದೆ ಬೋರಲು ಹಾಕಿದೆ. ಅವಳು ಬಗ್ಗಿ ಅಲಗಿನ ಅಂಚಿಗೆ ಹೆಬ್ಬೆರಳು ಆಡಿಸಿದಳು. ಹಿಂದೆ ಸರಿದು ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಹೌದಲ್ರೀ. ಖರೇನ ಈಳಗಿ."

ಆಮೇಲೆ ನೀಲವ್ವನ ಕಡೆ ತಿರುಗಿದಳು. "ಹುಚ್ಚಿ, ಅಳತೀ ಯಾಕ? ಈಳಗಿ ಮ್ಯಾಲ ಕುಂತ ಹೆಚ್ಚಾಕಿದು ಏನ್ ತಪ್ಪು? ಹೆಚ್ಚಾಕಿ ಕಡೆ ಓಡಿ ಬಂದಾಕಿದು ತಪ್ಪು. ಇದ ಮಾತಿಗೆ ಮನ್ಯಾಗ ಎಲ್ಲಾರ ಬೆನ್ನಿಗೂ ಗುದ್ದೀನಿ, ಇವತ್ತ ನನ್ನ ಬೆನ್ನಿಗೆ ಯಾರು ಗುದ್ದಬೇಕು?"

"ಅಲುಗ್ಯಾಡಬ್ಯಾಡ್ರಿ ಆಯಿ" ಎಂದಳು ರಜಿಯಾ ಸಿಸ್ಟರ್.

"ನೀ ಹೊಲಿಯವ್ವಾ. ಟಾಕಿ ಸಣ್ಣಂಗ ಹಾಕು. ಕೌದಿಗೆ ಹಾಕಿದಂಗ ಹಾಕಬ್ಯಾಡ."

ಸೂಜಿ ಇಳಿಯಿತು. ಆಯಿ ಹಲ್ಲು ಕಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಇನ್ನೇನು ರಾಮದುರ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾಳೆಂದು ನಾನು ಮೈಯೆಲ್ಲ ಬಿಗಿಹಿಡಿದು ನಿಂತಿದ್ದೆ.

"ಮಾಸ್ತರ್ರ."

"ಏನ್ ಆಯಿ?"

"ಆ ಸಮುದ್ರದ ಊರಿಗೆ ನೆಟ್ಟಗ ಬಸ್ ಐತೋ, ಹುಬ್ಬಳ್ಳ್ಯಾಗ ಇಳದ ಹತ್ತಬೇಕೋ?"

ನೀಲವ್ವ ಅಳು ನಿಲ್ಲಿಸಿದಳು. ನಾನು ಯಾಕೆ ಎಂದು ಕೇಳಿದೆ.

"ಯಾಕಂದ್ರ? ನಾನೂ ಬರತೇನಿ. ನೀರಾಗ ಕಾಲ ಇಡೂದಿಲ್ಲ, ದಂಡಿ ಮ್ಯಾಲ ಕುಂದ್ರತೇನಿ. ಇವತ್ತ ಹೆದರಿ ಅರ್ಧಾ ಕಣ್ಣ ಮುಚ್ಚೇ ನೋಡೀನಿ. ಅಲ್ಲಿ ಪೂರಾ ನೋಡತೇನಿ."